ಅರ್ಧ ಹೆಂಚು, ಅರ್ಧ ತಾರಸಿ: ಹಳೆ ಮನೆಗೂ ಹೊಸ ಮನೆಗೂ ಸಂದು ಕೂಡಿಸುವ ಕೆಲಸ

ರಸ್ತೆಯಿಂದ ನೋಡಿದವರು ನಮ್ಮದು ಎರಡು ಮನೆ ಅಂದುಕೊಳ್ಳುತ್ತಾರೆ. ಮೂಡಲಿನ ಅರ್ಧಕ್ಕೆ ಮಂಗಳೂರು ಹೆಂಚು, ಹೊಗೆ ಹಿಡಿದು ಕರ್ರಗಾದ ಕಂಬ, ಬುಡದಲ್ಲಿ ಪಾಚಿಗಟ್ಟಿದ ಮಣ್ಣಿನ ಗೋಡೆ. ಪಡುವಲಿನ ಅರ್ಧಕ್ಕೆ ತಾರಸಿ, ಹಳದಿ ಬಣ್ಣ, ಮಿರುಗುವ ಸ್ಟೀಲ್ ರೇಲಿಂಗು. ನಡುವಿನ ತೊಟ್ಟಿ, ಅಂದರೆ ಆಕಾಶಕ್ಕೆ ತೆರೆದ ಒಳಅಂಗಳ, ಇಬ್ಬರಿಗೂ ಸೇರಿದ್ದು. 1998ರಲ್ಲಿ ಪಾಲಾದಾಗ ಪಡುವಲು ಭಾವನವರಿಗೆ, ಮೂಡಲು ನಮ್ಮವರಿಗೆ ಬಂತು. ಐದು ವರ್ಷದಲ್ಲಿ ಭಾವನವರು ತಮ್ಮದನ್ನು ಕೆಡವಿ ಹೊಸದು ಕಟ್ಟಿದರು. ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ. ಈಗ ಬಂದವರೆಲ್ಲ "ಎಷ್ಟು ಚಂದ ಉಳಿಸ್ಕಂಡಿದೀರಿ ಮಾರಾಯ್ರೆ" ಎಂದು ಫೋಟೊ ಹೊಡೆಯುತ್ತಾರೆ. ಉಳಿಸಿಕೊಂಡದ್ದಲ್ಲ, ಕೆಡವಲು ಆಗದೆ ಉಳಿದದ್ದು.

ನಾನು ಇಂಜಿನಿಯರಲ್ಲ. ಇದೇ ಮನೆಯ ಜಗಲಿಯ ಮೂಲೆಯಲ್ಲಿ ಬ್ರಾಂಚ್ ಪೋಸ್ಟಾಫೀಸು ಇತ್ತು. ಇಪ್ಪತ್ತೆಂಟು ವರ್ಷ ನಾನೇ ಅದರ ಪೋಸ್ಟ್‌ಮಾಸ್ಟರ್. ಐದು ಪೈಸೆಯ ಸ್ಟಾಂಪಿಗೂ ಲೆಕ್ಕ ಬರೆದಿಟ್ಟು ಅಭ್ಯಾಸವಾದವಳು, ಮನೆ ರಿಪೇರಿಗೂ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆ. ಇಲ್ಲಿರುವುದೆಲ್ಲ ಅದರಿಂದ ತೆಗೆದದ್ದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೂರು ಕಿಲೋಮೀಟರ್ ಒಳಗಿದೆ ನಮ್ಮೂರು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 7,600 ಮಿಲಿಮೀಟರ್. ನಮಗೆ ಅಷ್ಟು ಬರುವುದಿಲ್ಲ, ಆದರೆ ಅದೇ ಮೋಡ, ಅದೇ ಗಾಳಿ. ಬಯಲುಸೀಮೆಯ ಮನೆಗೆ ನಾನು ಹೇಳುವ ಅರ್ಧ ಮಾತು ಬೇಕಾಗುವುದಿಲ್ಲ.

ಬರೆಯಲು ಕಾರಣವಾದದ್ದು ಒಂದು ರಾತ್ರಿ. 2019ರ ಆಗಸ್ಟ್, ಆಶ್ಲೇಷಾ ಮಳೆ, ಮಲೆನಾಡಿನಲ್ಲಿ ಗುಡ್ಡಗಳೇ ಜಾರಿದ ಆ ವಾರ. ಎರಡೂ ಅರ್ಧ ಸೇರುವ ಜಾಗದಲ್ಲೇ ನಮ್ಮ ಗೋಡೆ ನಾಲ್ಕಡಿ ಅಗಲಕ್ಕೆ ಕುಸಿಯಿತು. ಅದಕ್ಕೆ ಒತ್ತಿಕೊಂಡೇ ಅತ್ತೆಯ ಮಂಚ ಇತ್ತು. ಅವರು ಎರಡು ದಿನದ ಹಿಂದಷ್ಟೇ ಮಗಳ ಮನೆಗೆ ಹೋಗಿದ್ದರು.

ಮೊದಲ ಮಳೆಗಾಲ ಏನೂ ಮಾಡಬೇಡಿ

ಹಳೆ ಮನೆ ರಿಪೇರಿಗೆ ಕೈ ಹಾಕುವವರು ಬೇಸಿಗೆಯಲ್ಲಿ ಮೇಸ್ತ್ರಿಯನ್ನು ಕರೆದು ತೋರಿಸುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲ ಗೋಡೆಯೂ ಸಾಧುವೇ. ಒಂದು ಮಳೆಗಾಲ ಪೂರ್ತಿ ಮನೆಯೊಳಗಿದ್ದು ನೋಡಿ. ಸೋರಿದ ಕಡೆಯಲ್ಲೆಲ್ಲ ಇದ್ದಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ಯಾವ ಮಳೆ ಎಂದು ಬರೆಯಿರಿ. ತಾರೀಕಿಗಿಂತ ಮಳೆಯ ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೃಗಶಿರಾದ ಗಾಳಿಮಳೆಗೆ ಸೋರಿ, ಪುನರ್ವಸುವಿನಲ್ಲಿ ನೆಟ್ಟಗೆ ಸುರಿಯುವಾಗ ಸೋರದಿದ್ದರೆ ಹೆಂಚು ಒಡೆದಿಲ್ಲ. ಗಾಳಿ ನೀರನ್ನು ಹೆಂಚಿನ ಅಡಿಗೆ ನೂಕುತ್ತಿದೆ. ಮಾಡಿನ (ಹೆಂಚಿನ ಚಾವಣಿಯ) ಇಳಿಜಾರು ಸಾಲದು, ಇಲ್ಲವೇ ಹೆಂಚು ಕೂರುವ ಮರದ ಪಟ್ಟಿಯ, ಅಂದರೆ ರೀಪಿನ, ಅಂತರ ತಪ್ಪಿದೆ. ಯಾವ ಮಳೆಗೂ ಒಂದೇ ಜಾಗದಲ್ಲಿ ತೊಟ್ಟಿಕ್ಕಿದರೆ ಅಲ್ಲಿ ಹೆಂಚು ಸೀಳಿದೆ. ಮಳೆ ಬಿಟ್ಟು ಎರಡು ದಿನವಾದರೂ ಗೋಡೆಯ ಬುಡ ಒದ್ದೆ ಇದ್ದರೆ ಅದು ಮಾಡಿನ ನೀರೇ ಅಲ್ಲ, ನೆಲದಿಂದ ಏರಿದ್ದು. ನೆಲದ ತೇವ ಸಾಮಾನ್ಯವಾಗಿ ಮೂರು ನಾಲ್ಕು ಅಡಿಗಿಂತ ಮೇಲೆ ಹೋಗುವುದಿಲ್ಲ. ಅದಕ್ಕೂ ಮೇಲೆ ಕಲೆ ಇದ್ದು ಕೆಳಗೆ ಒಣಗಿದ್ದರೆ ತಲೆ ಎತ್ತಿ ಮೇಲೆ ಹುಡುಕಿ.

ನಾನು ಹಾಗೆ ನೋಡಿದ ವರ್ಷ ನೋಟ್‌ಬುಕ್‌ನಲ್ಲಿ ಮೂವತ್ತೊಂದು ಗುರುತು ಇದ್ದವು. ಹನ್ನೊಂದು ಮಾತ್ರ ಹೆಂಚಿನ ತಪ್ಪು. ಮೊದಲು ಬಂದ ಮೇಸ್ತ್ರಿ ಇಡೀ ಮಾಡು ಬಿಚ್ಚಬೇಕು ಎಂದಿದ್ದರು.

ಇನ್ನು ಕೆಲಸದ ಕಾಲ. ದೀಪಾವಳಿ ಕಳೆದ ಕೂಡಲೇ ಶುರು ಮಾಡೋಣ ಅನಿಸುತ್ತದೆ, ಆದರೆ ಆಗ ಇಡೀ ಊರು ಅಡಿಕೆ ಕೊನೆಯ ಹಿಂದೆ ಇರುತ್ತದೆ. ಕೊಯ್ಲು, ಸುಲಿಯುವುದು, ಬೇಯಿಸುವುದು ಮುಗಿಯುವವರೆಗೆ ಒಬ್ಬ ಆಳೂ ಸಿಗುವುದಿಲ್ಲ. ಜನವರಿ ಕೊನೆಯಿಂದ ಏಪ್ರಿಲ್ ತನಕ, ಹೆಚ್ಚೆಂದರೆ ಮೂರು ತಿಂಗಳು. ಒಂದು ಬೇಸಿಗೆಗೆ ಒಂದೇ ದೊಡ್ಡ ಕೆಲಸ ಹಿಡಿಯಿರಿ. ನಮ್ಮದರಲ್ಲಿ 2020ರ ಬೇಸಿಗೆ ಲಾಕ್‌ಡೌನಿಗೆ ಹೋಯಿತು. ಕುಸಿದ ಜಾಗಕ್ಕೆ ಅಡಿಕೆ ಸೋಗೆಯ ತಟ್ಟಿ, ಅದರ ಮೇಲೆ ಟಾರ್ಪಾಲು ಕಟ್ಟಿಕೊಂಡು ಇನ್ನೊಂದು ಮಳೆಗಾಲ ಕಳೆದೆವು.

ಗೋಡೆಯ ಜಾತಿ

ಹಳೆ ಮನೆಯಲ್ಲಿ ಗೋಡೆಯೆಲ್ಲ ಒಂದೇ ಅಲ್ಲ. ನಮ್ಮಲ್ಲೇ ಮೂರು ಇವೆ. ಪಂಚಾಂಗ (ಅಡಿಪಾಯ) ಮತ್ತು ಬಚ್ಚಲು ಜಂಬಿಟ್ಟಿಗೆ ಕಲ್ಲಿನದು. ತೋಡುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಅದರ ಮೇಲಿನ ಗೋಡೆ ಎರಡಡಿ ದಪ್ಪದ ಮಣ್ಣು. ಭಾವನವರ ಕಡೆ ಸಿಮೆಂಟ್ ಬ್ಲಾಕ್. ಕಣ್ಣಿಗೆ ಕಾಣದ ಕಡೆ, ಬಾಗಿಲ ಹಿಂದೆಯೋ ಕಪಾಟಿನ ಹಿಂದೆಯೋ, ಒಂದು ಅಂಗೈ ಅಗಲ ಗಾರೆ ಕೆರೆದು ನೋಡಿ ಬರೆದಿಟ್ಟುಕೊಳ್ಳಿ. ಯಾವ ಗೋಡೆಗೆ ಏನು ಬಳಿಯಬೇಕು ಎಂಬುದು ಇದರ ಮೇಲೆಯೇ ನಿಂತಿದೆ.

ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೈಮೇಲೆ ಸಿಮೆಂಟ್ ಗಾರೆ ಹಾಕಿದರೆ ಕುಡಿದದ್ದು ಹೊರಬರಲು ದಾರಿ ಇಲ್ಲ. ಸಿಮೆಂಟು ಮಣ್ಣಿಗೆ ಹಿಡಿಯುವುದೂ ಇಲ್ಲ. ತನ್ನಷ್ಟಕ್ಕೆ ಒಂದು ಚಿಪ್ಪಿನ ಹಾಗೆ ನಿಂತಿರುತ್ತದೆ. ಬೆರಳ ಗಂಟಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದ ಕಡೆ ಅದು ಆಗಲೇ ಬಿಟ್ಟಿದೆ.

ಕುಸಿದ ಜಾಗದಲ್ಲಿ ಆದದ್ದು ಇದೇ. 2003ರಲ್ಲಿ ಭಾವನವರ ಮನೆ ಕಟ್ಟಿದ ಮೇಸ್ತ್ರಿ ನಮ್ಮ ಗೋಡೆಗೂ ಉಪಕಾರ ಮಾಡಿದ್ದ. "ಅಕ್ಕಾ, ಮಳೆ ತಾಗದ ಹಾಗೆ ನಿಮ್ಮದಕ್ಕೂ ಒಂದು ಕೈ ಸಿಮೆಂಟ್ ಎಳೆದಿದೀನಿ" ಅಂದ. ನಾನು ಅವನಿಗೆ ಕಾಫಿ ಕೊಟ್ಟೆ. ತಾರಸಿಯ ಅಂಚಿಗೂ ನಮ್ಮ ಗೋಡೆಗೂ ನಡುವೆ ಇದ್ದ ಸಂದಿಗೆ ಗಾರೆ ತುಂಬಿ ಎರಡನ್ನೂ ಒಂದು ಮಾಡಿದ್ದ. ಕಾಂಕ್ರೀಟು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಮಣ್ಣಿನ ಗೋಡೆ ಅದರ ಪಾಡಿಗೆ ಒಣಗಿ ತೋಯ್ದು ಕೂರುತ್ತದೆ. ಎರಡನ್ನೂ ಬಿಗಿದರೆ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಹದಿನಾರು ಮಳೆಗಾಲ ತಾರಸಿಯ ನೀರು ಆ ಬಿರುಕಿನಲ್ಲಿ ಇಳಿದಿದೆ. ಹೊರಗಿನ ಸಿಮೆಂಟು ಕಡೆಯ ದಿನದವರೆಗೂ ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಒಳಗೆ ಗದ್ದೆಯ ಕೆಸರು.

ಸಂದು

ಹಾಗಾಗಿ ನನ್ನ ಪ್ರಕಾರ ಇಂಥ ಮನೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಹಳೆಯದರ ಬಗ್ಗೆಯೂ ಅಲ್ಲ, ಹೊಸದರ ಬಗ್ಗೆಯೂ ಅಲ್ಲ, ಎರಡೂ ಮುಟ್ಟುವ ಆ ಒಂದೂವರೆ ಅಂಗುಲದ ಬಗ್ಗೆ. ಅದನ್ನು ಮುಚ್ಚಿ ಒಂದು ಮಾಡಬೇಡಿ. ಬೇರೆಯಾಗಿಯೇ ಬಿಟ್ಟು, ನೀರು ಹೋಗದ ಹಾಗೆ ಮಾತ್ರ ನೋಡಿಕೊಳ್ಳಿ.

ನಾವು 2021ರಲ್ಲಿ ಮಾಡಿದ್ದು ಹೀಗೆ. ತಾರಸಿಯ ಅಂಚಿನಿಂದ ನಮ್ಮ ಗೋಡೆಯವರೆಗೆ ತುಂಬಿದ್ದ ಗಾರೆಯನ್ನು ಉಳಿಯಿಂದ ಒಡೆದು ತೆಗೆದು, ಉದ್ದಕ್ಕೂ ಒಂದೂವರೆ ಅಂಗುಲ ಖಾಲಿ ಬಿಟ್ಟೆವು. ತಾರಸಿಯ ಅಂಚಿಗೆ ಆರಂಗುಲ ಎತ್ತರದ ಸಣ್ಣ ಕಟ್ಟೆ ಕಟ್ಟಿಸಿದೆವು. ನಮ್ಮ ಗೋಡೆಯಲ್ಲಿ, ಆ ಕಟ್ಟೆಗಿಂತ ಒಂದಡಿ ಮೇಲೆ, ಮತ್ತಿ ಮರದ ಒಂದು ಪಟ್ಟಿ ಹುದುಗಿಸಿ, ಅದಕ್ಕೆ ಜಿಂಕ್ ತಗಡಿನ ಮೇಲಂಚನ್ನು ಮೊಳೆ ಹೊಡೆದೆವು. ತಗಡು ಅಲ್ಲಿಂದ ಇಳಿದು ಕಟ್ಟೆಯನ್ನು ದಾಟಿ ತಾರಸಿಯ ಕಡೆ ನಾಲ್ಕಂಗುಲ ಇಳಿಬಿದ್ದಿದೆ. ಆ ಕೆಳಗಿನ ಅಂಚಿಗೆ ಮೊಳೆ ಇಲ್ಲ. ಇದು ಮುಖ್ಯ. ತಗಡನ್ನು ಎರಡೂ ಕಡೆ ಬಡಿದರೆ ಎರಡು ವರ್ಷದಲ್ಲಿ ಹರಿಯುತ್ತದೆ, ಇಲ್ಲ ಮೊಳೆ ಕಿತ್ತು ಬರುತ್ತದೆ. ಕೆಲಸದವರಿಗೆ ಇದನ್ನು ಹೇಳಿ ಸುಮ್ಮನಾಗಬೇಡಿ, ನಿಂತು ನೋಡಿ. ನಾನು ಒಳಗೆ ಹೋಗಿ ಚಾ ತರುವಷ್ಟರಲ್ಲಿ ಕೆಳಗೂ ನಾಲ್ಕು ಮೊಳೆ ಬಿದ್ದಿದ್ದವು. "ಹಾರಿ ಹೋಗ್ತದಲ್ಲಮ್ಮ ಗಾಳಿಗೆ" ಎಂದರು. ಹಾರದಿರಲು ಕೆಳಗಿನ ಅಂಚನ್ನು ಮಡಚಿ ಬಿರುಸು ಮಾಡಬೇಕು, ಅಷ್ಟೆ.

ಅದರ ಮೇಲೆ, ಪಕಾಸಿಗಳನ್ನು (ಮಾಡು ಹೊರುವ ಓರೆ ಮರಗಳನ್ನು) ಉದ್ದ ಮಾಡಿ ನಮ್ಮ ಹೆಂಚಿನ ಮಾಡನ್ನೇ ಎರಡಡಿ ತಾರಸಿಯ ಕಡೆಗೆ ಚಾಚಿಸಿದೆವು. ಸಂದಿಗೆ ಕೊಡೆ ಹಿಡಿದ ಹಾಗೆ. ಹಳೆಯವರ ಮಾಡು ಗೋಡೆಯಿಂದ ಮೂರಡಿ ಹೊರಗೆ ಬರುತ್ತಿದ್ದದ್ದು ಅಂದಕ್ಕಲ್ಲ. ತಾರಸಿ ಮನೆಗಳ ಒಂದೂವರೆ ಅಡಿಯ ಸಜ್ಜಾ ನಮ್ಮ ಮಳೆಗೆ ಹಣೆಗೆ ಕೈ ಅಡ್ಡ ಹಿಡಿದ ಹಾಗೆ.

ಒಳಗಡೆ ಆ ಸಂದಿಗೆ ಸುಣ್ಣದಲ್ಲಿ ಅದ್ದಿದ ತೆಂಗಿನ ನಾರನ್ನು ಸಡಿಲವಾಗಿ ತುರುಕಿ, ಮೇಲೆ ಮೂರಂಗುಲ ಅಗಲದ ಮರದ ಪಟ್ಟಿ ಮುಚ್ಚಿದೆವು. ಅದಕ್ಕೂ ಒಂದೇ ಕಡೆ ಸ್ಕ್ರೂ.

ಉಳಿದದ್ದು ತಾರಸಿಯ ಇಳಿಜಾರು. ನೀರು ನಮ್ಮ ಗೋಡೆಯ ಕಡೆಗೆ ಓಡುತ್ತಿತ್ತು. ಹತ್ತಡಿಗೆ ಒಂದೂವರೆ ಅಂಗುಲ ಆಚೆಗೆ ವಾಲುವಂತೆ ಮೇಲೊಂದು ಗಾರೆ ಹಾಕಬೇಕು. ತಾರಸಿ ಭಾವನವರದ್ದು. "ನನ್ನ ಮನೆ ಸೋರ್ತಿಲ್ಲವಲ್ಲ" ಎಂದರು. ನ್ಯಾಯವೇ. ನಮ್ಮವರು ಎರಡು ತಿಂಗಳು ಮಾತು ಬಿಟ್ಟರು. ಕೊನೆಗೆ ಓರಗಿತ್ತಿ ಒಂದು ದಿನ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಕಪಾಟಿನ ಹಿಂದೆ ಬೂಷ್ಟು ಹಿಡಿದ ಗೋಡೆ ತೋರಿಸಿದರು. ಅದೇ ಬಿರುಕಿನ ನೀರು ಅವರ ಕಡೆಗೂ ಇಳಿದಿತ್ತು, ಗಂಡನಿಗೆ ಹೇಳಿರಲಿಲ್ಲ. ಖರ್ಚು ಅರ್ಧ ಅರ್ಧ ಆಯಿತು. ಪಾಲಾದ ಮನೆಯಲ್ಲಿ ಇರುವವರಿಗೆ ಒಂದು ಮಾತು: ಯಾರ ಮಾಡಿನ ನೀರು ಎಲ್ಲಿ ಬೀಳಬೇಕು, ದಂಬೆ (ಮಾಡಿನ ನೀರು ಹರಿಯುವ ದೋಣಿ) ಯಾರು ಗುಡಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಪಾಲುಪಟ್ಟಿಯಲ್ಲಿ ತೆಂಗಿನ ಮರ ಸಹ ಎಣಿಸಿ ಬರೆದಿರುತ್ತಾರೆ, ನೀರಿನ ಸುದ್ದಿ ಮಾತ್ರ ಇರುವುದಿಲ್ಲ.

ತೊಟ್ಟಿಯ ಲೆಕ್ಕವನ್ನೂ ಆಗಲೇ ಮಾಡಿ. ಐನೂರು ಚದರ ಅಡಿ ಮಾಡಿನ ಮೇಲೆ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಹಿಂದೆ ನಾಲ್ಕೂ ಕಡೆಯ ಮಾಡು ತೊಟ್ಟಿಗೆ ತೆಳ್ಳಗೆ, ಉದ್ದಕ್ಕೂ ಸುರಿಸುತ್ತಿತ್ತು. ಭಾವನವರ ತಾರಸಿ ಅದನ್ನೆಲ್ಲ ನಾಲ್ಕಂಗುಲದ ಎರಡು ಪೈಪಿಗೆ ತುಂಬಿ ಒಂದೇ ಮೂಲೆಗೆ ಹೊಡೆಯುತ್ತಿತ್ತು. ತೊಟ್ಟಿಯ ಹೊರದಾರಿ ಅಷ್ಟಕ್ಕೆ ಮಾಡಿದ್ದಲ್ಲ. ಒಂದು ಪೈಪನ್ನು ಹಿತ್ತಲಿಗೆ ತಿರುಗಿಸಿದ ಮೇಲೆ ಸರಿಯಾಯಿತು. ನಿಮ್ಮ ಮೇಸ್ತ್ರಿ ತೊಟ್ಟಿ ಮನೆ ಕಟ್ಟಿದವರಲ್ಲದಿದ್ದರೆ ತೀರ್ಥಹಳ್ಳಿ-ಕೊಪ್ಪ ರಸ್ತೆಯ ಕುಪ್ಪಳಿಗೆ ಒಮ್ಮೆ ಕರೆದುಕೊಂಡು ಹೋಗಿ. ಕವಿಮನೆಯನ್ನು ಎಲ್ಲರೂ ಭಕ್ತಿಯಿಂದ ನೋಡಿ ಬರುತ್ತಾರೆ. ನಮ್ಮ ಮೇಸ್ತ್ರಿ ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮಾಡು ಒಳಗಿಳಿಯುವ ಮೂಲೆಗಳನ್ನು ಅರ್ಧ ಗಂಟೆ ನೋಡಿದರು. ಟಿಕೆಟ್ಟಿನ ದುಡ್ಡು ಎಸ್ಟಿಮೇಟಿನಲ್ಲೇ ಸೇರಿಸಿಕೊಂಡರು.

ಹೆಂಚು

ನಮ್ಮ ಹಳೆ ಹೆಂಚಿನ ಬೆನ್ನಿನ ಮೇಲೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚಾಗಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಮನೆ ಅಷ್ಟು ಹಳೆಯದು ಅಂದುಕೊಂಡಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಹೆಂಚಿನ ಕಾರ್ಖಾನೆ ತೆರೆದ ವರ್ಷ, ಮನೆಯ ವಯಸ್ಸಲ್ಲ. ಹೆಂಚಿನ ಬೆನ್ನು ನೋಡಿ ಮನೆಯ ವಯಸ್ಸು ಹೇಳುವವರು ಬಹಳ ಜನ ಇದ್ದಾರೆ, ಮನೆ ಮಾರುವಾಗಲಂತೂ.

ಆ ಅಚ್ಚು ಬೇರೊಂದಕ್ಕೆ ಉಪಯೋಗ. ಬೇರೆ ಬೇರೆ ಕಾರ್ಖಾನೆಯ ಹೆಂಚು ಒಂದರೊಳಗೊಂದು ಕೂರುವುದಿಲ್ಲ. ಗಾಡಿಯ (ಹೆಂಚಿನ ಅಂಚಿನ ತೋಡಿನ) ಆಳ, ಕೊಕ್ಕೆಯ ಜಾಗ ಎಲ್ಲದರಲ್ಲೂ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ. ಬಿಚ್ಚಿದ ಹೆಂಚನ್ನೆಲ್ಲ ಅಂಗಳದಲ್ಲಿ ಅಚ್ಚಿನ ಪ್ರಕಾರ ಬೇರೆ ಬೇರೆ ರಾಶಿ ಹಾಕಿ. ಒಂದೊಂದನ್ನೂ ಬೆರಳಿನಿಂದ ಬಡಿಯಿರಿ. ಕಂಚಿನ ಸದ್ದು ಬಂದದ್ದು ಇಟ್ಟುಕೊಳ್ಳಿ, ಮಂಕು ಸದ್ದಿನದು ಒಳಗೆ ಸೀಳಿದೆ. ತೆಂಗಿನ ನಾರಿನ ಬ್ರಷ್ಷಿನಿಂದ ಪಾಚಿ ತಿಕ್ಕಿದರೆ ಸಾಕು. ಜೋರು ಪ್ರೆಷರಿನ ನೀರು ಹೊಡೆದರೆ ಮೇಲ್ಮೈ ಎದ್ದು ಹೋಗುತ್ತದೆ. ಒಂದು ಇಳಿಜಾರಿಗೆ ಒಂದೇ ಅಚ್ಚಿನ ಹೆಂಚು ಬರುವ ಹಾಗೆ ಹಂಚಿ. ನಾವು ಹಳೆಯದನ್ನೆಲ್ಲ ಮುಂದಿನ ಮಾಡಿಗೂ ತೊಟ್ಟಿಯ ಕಡೆಗೂ ಹಾಕಿ, ಹೊಸದನ್ನು ಹಿಂದಿನ ಮಾಡಿಗೆ ಹಾಕಿದೆವು. ಕಲಬೆರಕೆ ಮಾಡಿದ ಒಂದೇ ಒಂದು ಸಾಲು ಅಡಿಗೆಮನೆಯ ಮೇಲಿದೆ, ಈಗಲೂ ಸೋರುವುದು ಅದೊಂದೇ.

ನೂರು ಚದರ ಅಡಿಗೆ ಸುಮಾರು ನೂರೈವತ್ತು ಹೆಂಚು ಹಿಡಿಯುತ್ತದೆ. ರೀಪು ಹೊಡೆಯುವ ಮೊದಲು ನಿಮ್ಮದೇ ಹತ್ತು ಹೆಂಚನ್ನು ನೆಲದ ಮೇಲೆ ಜೋಡಿಸಿ, ಒಮ್ಮೆ ಎಳೆದು ಒಮ್ಮೆ ಒತ್ತಿ ಅಳೆದು, ಎರಡರ ನಡುವಿನ ಅಳತೆಗೆ ರೀಪಿನ ಅಂತರ ಇಡಿ. ಮೇಸ್ತ್ರಿಯ ಬಾಯಿಲೆಕ್ಕಕ್ಕೆ ಬಿಡಬೇಡಿ, ಅವರ ಲೆಕ್ಕ ಇನ್ಯಾವುದೋ ಕಾರ್ಖಾನೆಯದು. ಇಳಿಜಾರು ಒಂದಡಿಗೆ ಎಂಟಂಗುಲಕ್ಕಿಂತ ಕಡಿಮೆ ಆಗಬಾರದು. ಹಳೆಯ ಹೆಂಚಿನದೇ ಒಂದು ಐವತ್ತನ್ನು ಕೊಟ್ಟಿಗೆಯಲ್ಲಿ ಎತ್ತಿಡಿ. ಮಂಗಗಳಿಗೆ ಮಾಡು ಎಂದರೆ ರಸ್ತೆ. ವರ್ಷಕ್ಕೆ ಹತ್ತಾದರೂ ಒಡೆಯುತ್ತವೆ.

ಮಣ್ಣು, ಸುಣ್ಣ

ಕುಸಿದ ಗೋಡೆಯ ಮಣ್ಣನ್ನು ಎಸೆಯಬೇಡಿ. ಅದಕ್ಕಿಂತ ಹೊಂದುವ ಮಣ್ಣು ನಿಮಗೆ ಸಿಗುವುದಿಲ್ಲ. ನಾವು ಟ್ರ್ಯಾಕ್ಟರಿನಲ್ಲಿ ತರಿಸಲು ಹೊರಟಿದ್ದೆವು, ಗೋಡೆ ಕಟ್ಟಲು ಬಂದ ಅಜ್ಜ ಬೈದರು. ಹಳೆ ಮಣ್ಣನ್ನು ಜರಡಿ ಹಿಡಿದು, ಕಾಲು ಭಾಗ ಹೊಸ ಕೆಮ್ಮಣ್ಣು ಸೇರಿಸಿ, ಗೇಣುದ್ದ ಕತ್ತರಿಸಿದ ಬತ್ತದ ಹುಲ್ಲು ಹಾಕಿ, ನೀರು ಬಿಟ್ಟು ತುಳಿದು ಒಂದು ವಾರ ಹಾಗೇ ಬಿಡಬೇಕು. ಹುಳಿ ವಾಸನೆ ಬಂದರೆ ಹದ. ಅಂಗೈಯಲ್ಲಿ ಹೊಸೆದು ಬೆರಳು ದಪ್ಪದ ಸುರುಳಿ ಮಾಡಿ ಎತ್ತಿ ಹಿಡಿಯಿರಿ. ಎರಡಂಗುಲವೂ ನಿಲ್ಲದೆ ಮುರಿದರೆ ಜಿಗುಟು ಸಾಲದು, ಹಾವಿನ ಹಾಗೆ ಜೋತು ಬಿದ್ದರೂ ಮುರಿಯದಿದ್ದರೆ ಜಿಗುಟು ಹೆಚ್ಚಾಗಿ ಒಣಗುವಾಗ ಬಿರಿಯುತ್ತದೆ, ಮರಳು ಸೇರಿಸಿ.

ಹೊಸ ಮಣ್ಣನ್ನು ಹಳೆ ಗೋಡೆಗೆ ನೇರ ಒತ್ತಿದರೆ ಅಲ್ಲೊಂದು ಸೀಳು ಖಾಯಂ. ಹಳೆಯ ಗೋಡೆಯ ಅಂಚನ್ನು ಮೆಟ್ಟಿಲಿನ ಹಾಗೆ ಕಡಿದು, ಚೆನ್ನಾಗಿ ನೆನೆಸಿ, ಎರಡಕ್ಕೂ ಅಡ್ಡಲಾಗಿ ಬಿದಿರಿನ ಸೀಳು ಇಟ್ಟು ಕಟ್ಟಬೇಕು. ದಿನಕ್ಕೆ ಒಂದೂವರೆ ಅಡಿ ಎತ್ತರ, ಅದರ ಮೇಲೆ ಮೂರು ನಾಲ್ಕು ದಿನ ಬಿಡುವು. ಬುಡದ ಮೂರಡಿಯನ್ನು ಮಾತ್ರ ನಾವು ಜಂಬಿಟ್ಟಿಗೆಗೆ ಬದಲಿಸಿದೆವು, ಅಂಗಳದ ಮಳೆ ಚಿಮ್ಮುವುದು ಅಷ್ಟೇ ಎತ್ತರಕ್ಕೆ.

ಇದೇ ಮಣ್ಣಿಗೆ ಎರಡು ಪಾಲು ಮರಳು ಸೇರಿಸಿ ಮೊದಲ ಗಿಲಾಯಿ. ಅದು ಪೂರ್ತಿ ಒಣಗಿದ ಮೇಲೆ ಒಂದಕ್ಕೆ ಮೂರರ ಸುಣ್ಣ-ಮರಳಿನ ತೆಳು ಗಾರೆ. ಸುಣ್ಣ ನಾವು ಕರಾವಳಿಯ ಚಿಪ್ಪಿನ ಸುಣ್ಣ ತರಿಸಿದ್ದು. ಅರಳಿಸುವಾಗ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ಅದನ್ನು ತಲೆಕೆಳಗು ಮಾಡಿ ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ, ಕಣ್ಣು ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರು ಮೇಲೆ ನಿಂತಿರುವ ಹಾಗೆ ಹದಿನೈದು ದಿನವಾದರೂ ಮುಳುಗಿಸಿಡಿ. ಬೆಣ್ಣೆಯ ಹಾಗೆ ಆಗಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಬೇಕು ಎಂದು ಅಜ್ಜ ಹಟ ಹಿಡಿದರು, ಅವರ ಗೋಡೆಗೆ ಹಾಕಿದೆವು. ಹಾಕದ ಪಕ್ಕದ ಗೋಡೆಯೂ ಈವರೆಗೆ ನಿಂತಿದೆ, ಅಜ್ಜನಿಗೆ ಹೇಳಿಲ್ಲ.

ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು, ಬಹಳ ನಿಧಾನವಾಗಿ. ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಬಿಸಿಲು ಬೀಳುವ ಕಡೆ ಒದ್ದೆ ಗೋಣಿ ಇಳಿಬಿಡಿ. ಮಾರ್ಚ್ ಕೊನೆಯೊಳಗೆ ಮುಗಿಸದ ಸುಣ್ಣದ ಕೆಲಸ ಮಳೆಗೆ ಹಸಿಯಾಗಿಯೇ ಸಿಕ್ಕಿಬೀಳುತ್ತದೆ. ಆಮೇಲೆ ಬಣ್ಣ ಎಂದರೆ ತೆಳ್ಳಗಿನ ಸುಣ್ಣದ ನೀರೇ, ನಾಲ್ಕು ಸಲ. ಅಂಗಡಿಯವರು ತೊಳೆಯಬಹುದಾದ ಪೇಂಟ್ ತೋರಿಸುತ್ತಾರೆ. ಅದನ್ನು ಭಾವನವರ ಕಡೆಯ ಗೋಡೆಗೆ ಬಳಿಯಬಹುದು. ಮಣ್ಣಿಗೆ ಬಳಿದರೆ ಸಿಮೆಂಟಿನ ಕಥೆಯೇ ಮತ್ತೆ.

ಮರ

ನಡುಮನೆಯ ಎರಡು ತೊಲೆಗಳ ಮೈಮೇಲೆ ಯಾತಕ್ಕೂ ಕೂರದ ತೂತುಗಳಿವೆ. ಅವು ಮೊದಲು ಬೇರೊಂದು ಮನೆಯಲ್ಲಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಕಣಿವೆಯವರು ಮನೆ ಬಿಚ್ಚಿ ಮರಮುಟ್ಟು ಮಾರಿದರು. ನಮ್ಮ ಮಾವನವರು ಗಾಡಿಯಲ್ಲಿ ಹೇರಿಸಿಕೊಂಡು ಬಂದದ್ದಂತೆ. ಅರವತ್ತು ವರ್ಷದ ಮೇಲೂ ತೊಲೆಯ ನಡುಭಾಗ ಕಬ್ಬಿಣ. ಹೋಗಿದ್ದು ತುದಿಗಳು, ಗೋಡೆಯೊಳಗೆ ಹುದುಗಿದ್ದ ಒಂಬತ್ತಂಗುಲ. ಎಲ್ಲ ಹಳೆ ಮನೆಯಲ್ಲೂ ಹೀಗೆಯೇ. ಕತ್ತಿಯ ಹಿಂಬದಿಯಿಂದ ತೊಲೆಯ ಉದ್ದಕ್ಕೂ ಬಡಿಯುತ್ತಾ ಹೋಗಿ, ಗೋಡೆಯ ಹತ್ತಿರ ಬಂದಾಗ ದಬ್ಬಣ ಚುಚ್ಚಿ. ಅರ್ಧ ಅಂಗುಲಕ್ಕಿಂತ ಒಳಗೆ ಸಲೀಸಾಗಿ ಇಳಿದರೆ ಲಡ್ಡು, ಒಳಗೆ ಕೊಳೆತಿದೆ.

ಇಡೀ ತೊಲೆ ಬದಲಿಸಬೇಕಿಲ್ಲ. ಆಚಾರ್ರು ಕೆಟ್ಟ ತುದಿಯನ್ನು ಓರೆಯಾಗಿ ಕತ್ತರಿಸಿ, ಅದೇ ಓರೆಗೆ ಒಣಗಿದ ಮತ್ತಿಯ ತುಂಡು ಕೂಡಿಸಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟ್ ಬಿಗಿದರು. ಅಷ್ಟು ಹೊತ್ತೂ ಕೆಳಗೆ ಎರಡು ಅಡಿಕೆ ಮರದ ಆನಿಕೆ ಇರಬೇಕು. ವಾಪಸು ಗೋಡೆಯಲ್ಲಿ ಕೂರಿಸುವಾಗ ತುದಿಯ ಸುತ್ತ ಒಂದಂಗುಲ ಗಾಳಿ ಬಿಡಿ, ಗಾರೆ ತುಂಬಿ ಬಿಗಿಯಬೇಡಿ. ತುದಿಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ, ಒರಲೆ (ಗೆದ್ದಲು) ಹತ್ತಿರ ಸುಳಿಯುವುದಿಲ್ಲ. ಆದರೆ ಗೇರೆಣ್ಣೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡು ಬಳಿಯಿರಿ. ಹೊರಗಿನಿಂದ ಹಳೆ ತೇಗ, ಬೀಟೆ ಕೊಂಡು ತರುವುದಿದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ರಹದಾರಿ ವಿಚಾರಿಸಿ, ಆಮೇಲೆ ಲಾರಿ ಕರೆಯಿರಿ.

ಉಳಿದವನ್ನು ಬೇಗ ಹೇಳುತ್ತೇನೆ. ಬಚ್ಚಲು, ಕಕ್ಕಸನ್ನು ಮಣ್ಣಿನ ಗೋಡೆಯ ಒಳಗೆ ತರಬೇಡಿ. ರೂಮಿಗೆ ಅಂಟಿಕೊಂಡೇ ಬೇಕಿದ್ದರೆ ಹೊರಗೆ ಬೇರೆ ಪಂಚಾಂಗ ಹಾಕಿ ಕಟ್ಟಿ, ಒಂದೂವರೆ ಅಡಿ ಜಾಗ ಬಿಟ್ಟು ಸಣ್ಣ ಮಾಡಿನಿಂದ ಕೂಡಿಸಿ. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿದ ಮೇಲೆ ಗೋಡೆ ಒದ್ದೆಯಾಗತೊಡಗಿತು ಎನ್ನುವವರು ನಮ್ಮೂರಲ್ಲೇ ನಾಲ್ಕು ಮನೆ ಇದ್ದಾರೆ. ನೆಲದಿಂದ ಆರುತ್ತಿದ್ದ ತೇವ ಈಗ ಗೋಡೆ ಹತ್ತುತ್ತಿದೆ. ಅಂಗಳಕ್ಕೆ ಕಾಂಕ್ರೀಟು ಹಾಕಿದರೂ ಇದೇ, ಗೋಡೆಯಿಂದ ಎರಡಡಿಯನ್ನಾದರೂ ಜಲ್ಲಿಗೆ ಬಿಡಿ. ಮುಚ್ಚಿಗೆಯ (ಮಾಡಿನ ಕೆಳಗಿನ ಹಲಗೆಯ ಚಾವಣಿಯ) ಮೇಲೆ ಹಾದುಹೋದ ಹಳೆ ವಯರನ್ನು ಇಲಿ ಕಡಿದಿರುತ್ತದೆ. ಪೂರ್ತಿ ಕಿತ್ತು ಪೈಪಿನಲ್ಲಿ ಹೊಸದು ಎಳೆಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ. ಇದೊಂದರಲ್ಲಿ ಹಳೆಯದನ್ನು ಉಳಿಸುವ ಮಾತೇ ಬೇಡ.

ಎರಡೂ ಅರ್ಧದ ನೆಲ ಒಂದೇ ಮಟ್ಟದಲ್ಲಿರುವುದಿಲ್ಲ. ನಮ್ಮದು ಐದಂಗುಲ ತಗ್ಗು. ಅಲ್ಲಿ ಬೀಳದವರು ಮನೆಯಲ್ಲಿ ಯಾರೂ ಇಲ್ಲ. ಕೊನೆಗೆ ಹೊಸ್ತಿಲಿಗೆ ಕೆಮ್ಮಣ್ಣು ಬಳಿದು ಮೇಲೊಂದು ಸಣ್ಣ ಬಲ್ಬು ಹಾಕಿದೆವು.

ಪ್ರತಿ ವರ್ಷ ಮೇ ಎರಡನೇ ವಾರ, ರೋಹಿಣಿಗೆ ಮೊದಲು, ದಂಬೆ ಮತ್ತು ತಗಡಿನ ಮೇಲಿನ ಎಲೆ ಗುಡಿಸಬೇಕು. ಅದೇ ದಿನ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಸಂದಿನ ಮೇಲೆ ಮುಚ್ಚಿದ ಮರದ ಪಟ್ಟಿ ಇದೆಯಲ್ಲ, ಅದಕ್ಕೆ ಬಣ್ಣ ಹೊಡೆಸಬೇಡಿ. ಓರಗಿತ್ತಿಗೆ ಅದನ್ನೂ ಹಳದಿ ಮಾಡುವ ಆಸೆ, ನಾನು ಬಿಟ್ಟಿಲ್ಲ. ಪಟ್ಟಿಯ ಸ್ಕ್ರೂ ಇಲ್ಲದ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿ ಗೋಡೆಯ ಮೇಲೆ ಚೂಪು ಪೆನ್ಸಿಲಿನಿಂದ ಗೆರೆ ಎಳೆದು ಇಸವಿ ಬರೆದಿಡಿ. ಸಂದು ಸರಿಯುತ್ತಿದೆಯೋ, ಎಷ್ಟು ಸರಿಯುತ್ತಿದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಒಂದೇ ವರ್ಷದಲ್ಲಿ ಐದಾರು ಮಿಲಿಮೀಟರ್ ಹೋದರೆ ಪಂಚಾಂಗ ಕೂರುತ್ತಿದೆ, ತಿಳಿದವರನ್ನು ಕರೆಸಿ. ನಮ್ಮದರಲ್ಲಿ 2021ರಿಂದ ಈಚೆಗೆ ಒಟ್ಟು ಮೂರು ಮಿಲಿಮೀಟರ್. ನಾನು ಸ್ಕೇಲ್ ಹಿಡಿದು ನಿಂತಾಗ ಭಾವನವರು ತಪ್ಪದೆ ಬಂದು ಬಗ್ಗಿ ನೋಡಿ, "ಸರಿದದ್ದು ಯಾರ ಕಡೆಯದು?" ಎಂದು ಕೇಳುತ್ತಾರೆ. ಅದು ಪಟ್ಟಿಯಲ್ಲಿ ಗೊತ್ತಾಗುವುದಿಲ್ಲ.